ಒಂದೇ ಸಾಲಿನಲ್ಲಿ ಎರಡು ಏಳು

ನನಗೆ ಅನುಮಾನ ಜಾಸ್ತಿ ಎಂದು ಮನೆಯವರೆಲ್ಲ ಹೇಳುತ್ತಾರೆ. ಹೇಳಲಿ. ಕನ್ನಡಕದ ಅಂಗಡಿ ನಡೆಸುವವಳಿಗೆ ಅನುಮಾನವಿಲ್ಲದಿದ್ದರೆ ವಾರದೊಳಗೆ ಅರ್ಧ ಫ್ರೇಮುಗಳು ಗಿರಾಕಿಗಳ ಜೇಬು ಸೇರಿರುತ್ತವೆ. ಈ ಗುಣ ನನಗೆ ಬಂದದ್ದು ನನ್ನ ಸೋದರತ್ತೆಯಿಂದ. ಅವರು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ವರ್ಷಗಟ್ಟಲೆ ಜನರ ಮಾತನ್ನು ಜೋಡಿಸಿಕೊಟ್ಟು, ಕೊನೆಗೆ ಯಾರ ಮಾತನ್ನೂ ನಂಬದ ಹೆಂಗಸಾಗಿ ನಿವೃತ್ತರಾದರು.

ಅತ್ತೆಗಿರುವುದು ಒಂದೇ ಹುಚ್ಚು, ಅಂಕಿಮನೆ. ಒಂಬತ್ತು ಸಾಲು, ಒಂಬತ್ತು ಕಂಬಗಳ ಚೌಕ. ಒಂದರಿಂದ ಒಂಬತ್ತರವರೆಗಿನ ಅಂಕಿ. ಸಾಲಿನಲ್ಲಾಗಲಿ ಕಂಬದಲ್ಲಾಗಲಿ ಒಂದು ಅಂಕಿ ಒಂದೇ ಸಲ ಬರಬೇಕು. ಕೆಲವು ಅಂಕಿಗಳನ್ನು ಅವರೇ ಕೊಟ್ಟಿರುತ್ತಾರೆ, ಉಳಿದದ್ದನ್ನು ನಾವು ತಲೆ ಓಡಿಸಿ ತುಂಬಬೇಕು. ನಿಯಮ ಇಷ್ಟೇ. ಆದರೆ ಅತ್ತೆ ಹೆಣೆದ ಅಂಕಿಮನೆಯೊಳಗೆ ಹೊಕ್ಕವರು ಸಲೀಸಾಗಿ ಹೊರಬಂದದ್ದಿಲ್ಲ. ಆ ಒಗಟುಗಳು ಅವರ ಬೀರುವಿನಲ್ಲೇ ಕೊಳೆಯುವುದು ಬೇಡವೆಂದು ನನ್ನ ಮೈದುನನ ಬೆನ್ನುಹತ್ತಿ ಒಂದು ವೆಬ್‌ಸೈಟು ಮಾಡಿಸಿದೆ. ಪ್ರತಿ ಭಾನುವಾರ ಬೆಳಿಗ್ಗೆ ಹೊಸ ಒಗಟು. ಸದಸ್ಯರಿಗೆಲ್ಲ ಅಡ್ಡಹೆಸರು: ಗುಬ್ಬಿ, ದರ್ಜಿ, ಹಳೇ ರೇಡಿಯೋ, ಹೀಗೆ. ನಾನು ಅವರಿಗೆಲ್ಲ ಅಡ್ಮಿನಕ್ಕ. ಹಗಲೆಲ್ಲ ಗಿರಾಕಿಗಳೊಂದಿಗೆ ಬಾಯಿ ನೋಯಿಸಿಕೊಂಡು ಬಂದವಳಿಗೆ ಆ ಸೈಟು ಇನ್ನೊಂದು ತವರುಮನೆಯಾಗಿತ್ತು. ಅದು ಮುಚ್ಚಿಹೋಗುವ ದಿನ ಬರಬಹುದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಎಲ್ಲ ಶುರುವಾದದ್ದು ಉತ್ತರ ಹಂಚಿಕೊಳ್ಳಲು ಬಿಟ್ಟ ಮೇಲೆ. ಅಲ್ಲಿಯವರೆಗೆ ಸದಸ್ಯರು 'ಬಿಡಿಸಿದೆ' ಎಂದು ಬರೆದು ಸುಮ್ಮನಾಗುತ್ತಿದ್ದರು. "ಅಕ್ಕಾ, ಹೇಗೆ ಬಿಡಿಸಿದ್ವಿ ಅಂತ ತೋರಿಸೋದಕ್ಕೆ ಒಂದು ಜಾಗ ಮಾಡಿಕೊಡಿ" ಎಂದು ಗುಬ್ಬಿ ದುಂಬಾಲು ಬಿದ್ದಳು. ಅತ್ತೆ ಬೇಡವೇ ಬೇಡ ಎಂದರು. ನಾನು ಕೇಳಬೇಕಲ್ಲ! 'ನನ್ನ ಉತ್ತರ' ಎಂಬ ಪುಟ ತೆರೆದೆ. ಪರದೆಯ ಮೇಲೆ ಉತ್ತರ ತುಂಬಬೇಕು. ನನ್ನ ಬಳಿಯಿರುವ ಸರಿಯುತ್ತರಕ್ಕೆ ಹೊಂದಿದರೆ ಹಸಿರು ಗುರುತು, ಇಲ್ಲದಿದ್ದರೆ ಕೆಂಪು. ಜೊತೆಗೆ ಪೆನ್ಸಿಲ್ಲಿನಲ್ಲಿ ಬಿಡಿಸಿದ ಹಾಳೆಯ ಫೋಟೋ ಹಾಕಬೇಕು. ಯಾರಿಗೆ ನೋಡಬೇಕೋ ಅವರು ಒತ್ತಿ ತೆರೆದು ನೋಡಬಹುದು.

ಆ ಹಾಳೆಗಳಲ್ಲಿ ನೋಡಬೇಕಾದದ್ದು ಮೂಲೆಗುರುತು. ಒಂದು ಮನೆಯಲ್ಲಿ ಯಾವ ಯಾವ ಅಂಕಿ ಬರಬಹುದೋ ಅದನ್ನೆಲ್ಲ ಮೂಲೆಯಲ್ಲಿ ಚಿಕ್ಕದಾಗಿ ಬರೆದುಕೊಂಡು, ಒಂದೊಂದಾಗಿ ಹೊಡೆದುಹಾಕುತ್ತ ಹೋಗುವುದು ನಮ್ಮವರ ಪದ್ಧತಿ. ಗುಬ್ಬಿಯ ಹಾಳೆ ಕಾಗೆ ಕಾಲಿನಂತಿರುತ್ತಿತ್ತು. ದರ್ಜಿಯದು ಅಳತೆ ತೆಗೆದಂತೆ ಅಚ್ಚುಕಟ್ಟು. ನಾನು ಒಂದೊಂದನ್ನೂ ನೋಡಿ ಕೆಳಗೆ ಏನಾದರೊಂದು ಒಳ್ಳೆಯ ಮಾತು ಬರೆಯುತ್ತಿದ್ದೆ. 'ಭೇಷ್ ಗುಬ್ಬಿ!' 'ದರ್ಜಿಯವರೇ, ಏನು ಕೈ ನಿಮ್ಮದು!'

ಈ ಪುಟ ತೆರೆದ ಮೇಲೆ ಸೇರಿದವನು ಆಮೆ. ಒಗಟು ಬಂದ ಸ್ವಲ್ಪ ಹೊತ್ತಿಗೇ ಅವನ ಉತ್ತರ ಬರುತ್ತಿತ್ತು. ಹಸಿರು. ಪ್ರತಿ ವಾರವೂ ಹಸಿರು. 'ಭೇಷ್ ಆಮೆ! ಹೆಸರು ಮಾತ್ರ ಆಮೆ, ಓಟ ಚಿರತೆಯದು!' ಎಂದು ನಾನು ಬರೆದರೆ, 'ತುಂಬಾ ಥ್ಯಾಂಕ್ಸ್. ಇವತ್ತಿನ ದಿನ ಸಾರ್ಥಕವಾಯಿತು' ಎಂದು ಉತ್ತರ ಬರುತ್ತಿತ್ತು. ಎಂಥ ವಿನಯವಂತ ಎಂದು ನಾನು ಉಬ್ಬಿಹೋದೆ.

ಒಂದು ಶುಕ್ರವಾರ ಅತ್ತೆ ಎಂದಿನಂತೆ ಒಗಟಿನ ಹಾಳೆ, ಉತ್ತರದ ಹಾಳೆ ಎರಡನ್ನೂ ಹಿಡಿದು ಅಂಗಡಿಗೆ ಬಂದರು. ಕೊಡಲಿಲ್ಲ. ಲೆನ್ಸ್ ಪರೀಕ್ಷೆಯ ಕುರ್ಚಿಯಲ್ಲಿ ಕೂತು ಫೋನು ತೆಗೆದು ಆಮೆಯ ಹಾಳೆ ತೋರಿಸಿದರು.

"ಈ ಮೂಲೆಗುರುತು ನೋಡೇ."

ನೋಡಿದೆ. ಮೊದಲ ಸಾಲಿನಲ್ಲಿ ಮೂರನ್ನು ಅತ್ತೆಯೇ ಅಚ್ಚಿನಲ್ಲಿ ಕೊಟ್ಟಿದ್ದಾರೆ. ಪಕ್ಕದ ಮನೆಯ ಮೂಲೆಯಲ್ಲಿ ಆಮೆ ಮತ್ತೆ ಮೂರು ಬರೆದು ಹೊಡೆದುಹಾಕಿದ್ದಾನೆ. ಆಟ ಬಲ್ಲವರು ಯಾರೂ ಅಲ್ಲಿ ಮೂರು ಬರಬಹುದೆಂದು ಗುರುತು ಹಾಕುವುದಿಲ್ಲ. ಹಾಳೆಯ ತುಂಬ ಅದೇ ಕಥೆ.

"ಇವನು ಬಿಡಿಸ್ತಿಲ್ಲ. ಉತ್ತರ ಬರ್ಕೊಂಡು ಆಮೇಲೆ ಗುರುತು ಗೀಚ್ತಿದ್ದಾನೆ" ಎಂದರು ಅತ್ತೆ. "ಉತ್ತರ ಎಲ್ಲಿಂದ ಬಂತು? ಅದನ್ನ ನೋಡೋರು ನಾನು, ಬಿಟ್ರೆ ನೀನು. ನಾನಂತೂ ಯಾರಿಗೂ ಕೊಟ್ಟಿಲ್ಲ."

ನನ್ನ ಮೈಯೆಲ್ಲ ಉರಿದುಹೋಯಿತು. "ಅಂದ್ರೆ? ನಾನು ಕೊಟ್ಟೆ ಅಂತಲಾ?"

"ನಾನು ಹಾಗಂದ್ನಾ? ಯಾರು ಅಂತ ಹುಡುಕು. ಈ ಸಲದ್ದು ಕೊಡ್ತೀನಿ. ಮುಂದಿನ ಶುಕ್ರವಾರದೊಳಗೆ ಕಳ್ಳ ಸಿಗಲಿಲ್ಲ ಅಂದ್ರೆ ಇದೇ ಕೊನೇದು. ಒಗಟೂ ಇಲ್ಲ, ನಿನ್ನ ಮನೆ ಬಾಗಿಲೂ ತುಳಿಯಲ್ಲ."

ಸುಮ್ಮನೆ ಹೆದರಿಸುವ ಹೆಂಗಸಲ್ಲ ಅವರು. ತಾಯಿಯಿಲ್ಲದ ನನ್ನನ್ನು ಎದೆಗವಚಿಕೊಂಡು ಬೆಳೆಸಿದ ಅತ್ತೆ ಈಗ ನನ್ನನ್ನೇ ಕಳ್ಳಿಯೆಂದು ನೋಡುತ್ತಿದ್ದರು. ಒಗಟು ಹಾಳಾಗಿ ಹೋಗಲಿ, ಆ ನೋಟ ನನಗೆ ತಡೆಯಲಾಗಲಿಲ್ಲ. ಆ ಆಮೆ ಕೈಗೆ ಸಿಗಲಿ, ಚಿಪ್ಪು ಕಿತ್ತು ಬಿಸಿಲಿಗೆ ಹಾಕುತ್ತೇನೆ ಎಂದುಕೊಂಡೆ.

ಹಾಳೆಗಳನ್ನು ನಾನು ಇಡುವುದು ಮನೆಯ ಊಟದ ಮೇಜಿನ ಡ್ರಾಯರಿನಲ್ಲಿ. ಶುಕ್ರವಾರ ಇಟ್ಟರೆ ಶನಿವಾರ ಸಂಜೆ ಕಂಪ್ಯೂಟರಿಗೆ ಏರಿಸುತ್ತೇನೆ. ಅಂದು ಮನೆಗೆ ಹೋದವಳೇ ಮೊದಲು ಡ್ರಾಯರ್ ಎಳೆದೆ. ಆ ಡ್ರಾಯರ್ ಎಳೆದರೆ ಬೀದಿಗೆಲ್ಲ ಕೇಳುವಂತೆ ಕಿರುಗುಡುತ್ತಿತ್ತು. ಈಗ ತುಟಿಪಿಟಕ್ಕೆನ್ನದೆ ಜಾರಿ ಬಂತು. ಬೆರಳಿಟ್ಟು ನೋಡಿದೆ, ಹಳಿಗೆ ಎಣ್ಣೆ. ಕಳ್ಳ ಸದ್ದಾಗದಂತೆ ಎಣ್ಣೆ ಬಿಟ್ಟಿದ್ದಾನೆ! ಅಂದರೆ ಕಳ್ಳ ಹೊರಗಿನವನಲ್ಲ. ಅಂದಿನ ಹಾಳೆಗಳನ್ನು ಅಲ್ಲಿಡದೆ ಕೈಚೀಲದಲ್ಲೇ ಉಳಿಸಿಕೊಂಡೆ.

ಮನೆಯಲ್ಲಿ ನಾವು ಇರುವುದೇ ಮೂವರು. ನಮ್ಮ ಯಜಮಾನರು ಲಿಫ್ಟ್ ಮೆಕ್ಯಾನಿಕ್. ಇದ್ದಾರೋ ಇಲ್ಲವೋ ಗೊತ್ತಾಗದಷ್ಟು ಸದ್ದಿಲ್ಲದ ಮನುಷ್ಯ. ಅಂಕಿಮನೆಯ ಅ ಆ ಕೂಡ ಗೊತ್ತಿಲ್ಲ. ಇನ್ನುಳಿದವನು ಮೈದುನ. ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕೆಲಸ, ಸೈಕಲ್ಲಿಗೆ ಎಣ್ಣೆ ಬಿಡುತ್ತ ಕೂರುವ ಖಯಾಲಿ, ಅಂಕಿಮನೆಯಲ್ಲೂ ಪಳಗಿದ ಕೈ. ಇನ್ನೇನು ಬೇಕು?

ಊಟಕ್ಕೆ ಕೂತಾಗ ನೇರವಾಗಿ ಕೇಳಿಯೇಬಿಟ್ಟೆ. "ಏನಪ್ಪಾ, ಆಮೆ ಅಂತ ಹೆಸರಿಟ್ಕೊಂಡು ಎಷ್ಟು ದಿನದಿಂದ ನಡೆಸಿದ್ದೀಯ ಈ ನಾಟಕ?"

ಮೈದುನ ಬಾಯಿಯ ತುತ್ತನ್ನು ನುಂಗುವುದನ್ನೇ ಮರೆತ. ವಿಷಯವೆಲ್ಲ ಹೇಳಿದ ಮೇಲೆ ನಗತೊಡಗಿದ. "ಅತ್ತಿಗೆ, ಆ ಸೈಟ್ ಮಾಡಿದ್ದೇ ನಾನು. ಕದಿಯೋದಾದ್ರೆ ಕೂತಲ್ಲೇ ಕದೀತಿದ್ದೆ. ನಿಮ್ಮ ಡ್ರಾಯರ್‌ಗೆ ಯಾಕೆ ಕೈ ಹಾಕ್ಲಿ? ಅದ್ರಲ್ಲಿ ಹಳೇ ಬ್ಯಾಟರಿ, ಕತ್ತರಿ ಬಿಟ್ರೆ ಇನ್ನೇನಿದೆ?"

"ನಗಬೇಡ! ಮತ್ತೆ ಎಣ್ಣೆ ಯಾರು ಬಿಟ್ರು?"

"ನನಗೇನು ಗೊತ್ತು?"

ಯಜಮಾನರು ತಟ್ಟೆಯಿಂದ ತಲೆ ಎತ್ತದೆ, "ಹೋಗ್ಲಿ ಬಿಡು. ಯಾರೋ ಪಾಪ, ಒಂದು ಆಟಕ್ಕೋಸ್ಕರ..." ಎಂದರು.

"ನೀವು ಸುಮ್ನಿರ್ರೀ, ನಿಮಗೆ ಇದೆಲ್ಲ ಅರ್ಥ ಆಗಲ್ಲ" ಎಂದೆ. ಅವರು ತಟ್ಟೆ ತೊಳೆದಿಟ್ಟು ಒಳಗೆ ಹೋದರು.

ಅಲ್ಲಿಂದ ನನ್ನ ತಲೆಗೆ ಹುಳ ಹೊಕ್ಕಂತಾಯಿತು. ಆಮೆಯ ಫೋಟೋಗಳನ್ನೆಲ್ಲ ದೊಡ್ಡದು ಮಾಡಿ ನೋಡಿದೆ. ಹಾಳೆಯ ಹಿಂದೆ ತಗಡಿನ ಹೊಳಪು. ಹೋಟೆಲಿನ ಅಡುಗೆಕಟ್ಟೆಯೋ, ಆಸ್ಪತ್ರೆಯ ಮೇಜೋ ತಿಳಿಯಲಿಲ್ಲ. ಮೈದುನನ ಪ್ರೆಸ್ಸಿನಲ್ಲೂ ತಗಡಿರುತ್ತದಲ್ಲ? ಮರುದಿನ ಬೆಳಿಗ್ಗೆ ಅವನು ಹಲ್ಲುಜ್ಜುವಾಗಲೂ ಅವನ ಬೆನ್ನನ್ನೇ ಗುರಾಯಿಸಿದೆ. ಅಂಗಡಿಯಲ್ಲಿ ಒಬ್ಬರಿಗೆ ಓದುವ ಕನ್ನಡಕದ ಬದಲು ದೂರದ್ದನ್ನು ಕಟ್ಟಿಕೊಟ್ಟು ಬೈಸಿಕೊಂಡೆ.

ಡ್ರಾಯರಿನ ಕಥೆ ಕೇಳಿ ಬಲೆ ಹೆಣೆದದ್ದು ಅತ್ತೆ. ಶನಿವಾರ ಅಂಗಡಿಯ ಹಿಂದಿನ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು, ಉತ್ತರದ ಹಾಳೆಯನ್ನು ಹೊಸದಾಗಿ ಬರೆದರು. ಐದನೆಯ ಸಾಲಿನಲ್ಲಿ ನಾಲ್ಕು ಇರಬೇಕಾದ ಕಡೆ ಏಳು. ಆ ಸಾಲಿನಲ್ಲಿ ಆಗಲೇ ಒಂದು ಏಳಿದೆ.

"ಇದನ್ನೇ ಡ್ರಾಯರಲ್ಲಿಡು. ಸೈಟಿಗೂ ಇದನ್ನೇ ಹಾಕು. ಸರಿಯಾಗಿ ಬಿಡಿಸಿದೋರಿಗೆ ಕೆಂಪು ಬರುತ್ತೆ. ಹಸಿರು ಬಂದೋನೇ ಕಳ್ಳ."

"ಅತ್ತೆ, ಒಂದೇ ಸಾಲಲ್ಲಿ ಎರಡು ಏಳು ಕಣ್ಣಿಗೆ ಹೊಡೆಯುತ್ತೆ. ಕಳ್ಳ ತಿದ್ದಿಬಿಟ್ರೆ?"

"ಆಟ ಬಲ್ಲ ಕಳ್ಳ ತಿದ್ದುತ್ತಾನೆ. ತಿದ್ದದೆ ಹಾಗೇ ಹಾಕಿದ ಅಂದ್ರೆ ಅವನಿಗೆ ನಿಯಮವೇ ಗೊತ್ತಿಲ್ಲ ಅಂತ. ಯಾವುದಾದ್ರೂ ಒಂದು ಗೊತ್ತಾಗುತ್ತಲ್ಲ."

ಭಾನುವಾರ ಬೆಳಿಗ್ಗೆ ಯಾವುದೋ ಕಟ್ಟಡದಲ್ಲಿ ಲಿಫ್ಟ್ ನಿಂತುಹೋಗಿದೆಯೆಂದು ಯಜಮಾನರು ತಿಂಡಿಗೂ ಕಾಯದೆ ಹೊರಟರು. ಮೈದುನ ಎದುರಿಗೇ ಕೂತಿದ್ದ. ಬೇಕೆಂದೇ ಅವನ ಫೋನನ್ನು ನನ್ನ ಕಣ್ಣೆದುರು ಮೇಜಿನ ಮೇಲಿಡಿಸಿಕೊಂಡೆ. ಒಗಟನ್ನು ಸೈಟಿಗೆ ಬಿಟ್ಟು, ಕಣ್ಣಲ್ಲಿ ಕಣ್ಣಿಟ್ಟು ಕಾದೆ.

ಮೊದಲು ಬಂದದ್ದು ಗುಬ್ಬಿ. ಸರಿಯುತ್ತರ, ಕೆಂಪು. 'ಅಡ್ಮಿನಕ್ಕಾ, ಇದೇನಿದು? ಸರಿಯಾಗೇ ಇದೆಯಲ್ಲ!' ದರ್ಜಿಗೂ ಕೆಂಪು. ಹಳೇ ರೇಡಿಯೋಗೂ ಕೆಂಪು. ಪುಟದ ತುಂಬ ಗದ್ದಲವೆದ್ದಿತು.

ಆಗ ಆಮೆ ಬಂದ. ಹಸಿರು.

ತೆರೆದು ನೋಡಿದೆ. ಐದನೆಯ ಸಾಲು. ಏಳು, ಅದೇ ಸಾಲಿನಲ್ಲಿ ಮತ್ತೊಂದು ಏಳು. ಎರಡಕ್ಕೂ ಮೂಲೆಗುರುತು ಬೇರೆ!

"ಸಿಕ್ಕಿಬಿದ್ದ!" ಎಂದು ನಾನು ಕಿರುಚಿದ್ದಕ್ಕೆ ಮೈದುನನ ಕೈಯಲ್ಲಿದ್ದ ಲೋಟ ಅಲುಗಿತು. ಅವನ ಫೋನು ನನ್ನ ಮುಂದೆಯೇ ಬಿದ್ದಿತ್ತು. ಹಾಗಾದರೆ ಇವನಲ್ಲ. ಯಾರಾದರಾಗಲಿ, ಎಲ್ಲರೆದುರೇ ಬರೆದೆ: 'ಆಮೆಯವರೇ, ಈ ವಾರದ ಉತ್ತರವನ್ನು ತಪ್ಪಾಗಿ ಇಟ್ಟದ್ದು ನಾನೇ. ಕದ್ದು ನೋಡಿದವರಿಗೆ ಮಾತ್ರ ಅದು ಸಿಗುತ್ತದೆ. ಮಧ್ಯಾಹ್ನದೊಳಗೆ ನಿಮ್ಮ ನಿಜವಾದ ಹೆಸರು ಹೇಳಿ. ಇಲ್ಲವಾದರೆ ಹೊರಗೆ ಹಾಕುತ್ತೇನೆ.'

ಗೆದ್ದ ಉಬ್ಬಿನಲ್ಲಿ ಅತ್ತೆಗೆ ಫೋನು ಮಾಡಿದೆ. ಅವರೂ ಅಲ್ಲಿ ನೋಡುತ್ತಿದ್ದರು. ಇದ್ದಕ್ಕಿದ್ದಂತೆ, "ಏ, ಇದೇನೇ ಇದು? ಗುಬ್ಬಿ ಯಾಕೆ ತನ್ನ ಉತ್ತರ ಅಳಿಸಿದಳು?" ಎಂದರು.

ಗುಬ್ಬಿ ಹೊಸ ಉತ್ತರ ಹಾಕಿದ್ದಳು. ಹಸಿರು. ಐದನೆಯ ಸಾಲಿನಲ್ಲಿ ಎರಡು ಏಳು.

ಅವಳ ಹಿಂದೆಯೇ ದರ್ಜಿ, ಎರಡು ಏಳು. ಹಳೇ ರೇಡಿಯೋ, ಎರಡು ಏಳು. ವರ್ಷಕ್ಕೊಮ್ಮೆ ಮುಖ ತೋರಿಸುವವರೂ ಬಂದು ಎರಡೆರಡು ಏಳು ಬರೆದು ಹಸಿರು ಗುರುತು ಹೊತ್ತು ನಿಂತರು. ನಿದ್ದೆಗಣ್ಣಿನಲ್ಲೂ ಇಂಥ ತಪ್ಪು ಮಾಡದ ಜನ! ಪುಟದ ಉದ್ದಕ್ಕೂ ಹಸಿರೋ ಹಸಿರು. ಯಾರೊಬ್ಬರೂ ಒಂದು ಮಾತು ಬರೆದಿರಲಿಲ್ಲ.

"ಎಲ್ಲರೂ ಸೇರಿ ನಮ್ಮನ್ನ ಮಂಗ ಮಾಡ್ತಿದ್ದಾರೆ ಅತ್ತೆ!" ನನಗೆ ಅಳು ಬರುವಷ್ಟು ಸಿಟ್ಟು ಬಂತು. ಇಷ್ಟು ದಿನ ಅಕ್ಕಾ ಅಕ್ಕಾ ಎಂದವರು ಬೆನ್ನ ಹಿಂದೆ ಒಂದಾಗಿದ್ದಾರೆ. ಯಾವತ್ತಿನಿಂದ? ಎಲ್ಲರೂ ಕಳ್ಳರೇನು? ಫೋನಿಟ್ಟು, ಆ ಪುಟವನ್ನೇ ಅಳಿಸಿಹಾಕಲು ಹೋದೆ. ಅಷ್ಟರಲ್ಲಿ ಫೋನು ಮತ್ತೆ ಬಡಿದುಕೊಂಡಿತು. ದರ್ಜಿ. ಹಿಂದೊಮ್ಮೆ ನನ್ನ ಅಂಗಡಿಯಲ್ಲಿ ಕನ್ನಡಕ ಮಾಡಿಸಿದ್ದ ಹಿರಿಯರು, ಎಂದೂ ಫೋನು ಮಾಡಿದವರಲ್ಲ.

"ಅಡ್ಮಿನಕ್ಕ, ಸಿಟ್ಟು ಮಾಡ್ಕೋಬೇಡಿ. ಆಮೆನ ಹೊರಗೆ ಹಾಕ್ಬೇಡಿ. ಹಾಕೋದಾದ್ರೆ ನಮ್ಮನ್ನೆಲ್ಲ ಹಾಕ್ಬೇಕಾಗುತ್ತೆ, ಅದಕ್ಕೇ ಹಾಗೆ ಮಾಡಿದ್ವಿ."

"ಅವನು ಕಳ್ಳ ಅಂತ ನಿಮಗೆ ಮೊದಲೇ ಗೊತ್ತಿತ್ತಾ?"

"ಆ ಮೂಲೆಗುರುತು ನೋಡಿದ್ರೆ ಯಾರಿಗೆ ಗೊತ್ತಾಗಲ್ಲ? ನಾನೇ ಒಂದು ದಿನ ಕೇಳ್ದೆ, ಯಾಕ್ರಪ್ಪಾ ಹೀಗೆ ಅಂತ. ಪಾಪ, ಸುಳ್ಳು ಹೇಳಲಿಲ್ಲ. ನನಗೆ ಆಟ ಬರಲ್ಲ ಸ್ವಾಮಿ, ಇಲ್ಲಿ ಉತ್ತರ ಹಾಕಿದ್ರೆ ಅವರು ಭೇಷ್ ಅಂತಾರೆ, ಅದನ್ನ ಓದೋದಕ್ಕೆ ಬರ್ತೀನಿ ಅಂದ್ರು."

"ಅವರು ಅಂದ್ರೆ?"

"ಅವರು ಅಂದ್ರೆ ನೀವೇ" ಎಂದರು ದರ್ಜಿ. "ಹೆಸರು ನಾನು ಹೇಳಲ್ಲ. ಮಾತು ಕೊಟ್ಟಿದ್ದೀನಿ. ಆ ಫೋಟೋನ ಇನ್ನೊಂದು ಸಲ ನೋಡಿ."

ನೋಡಿದೆ. ಹಾಳೆಯ ಹಿಂದೆ ಅದೇ ತಗಡು. ಈ ಸಲ ಅವಸರದಲ್ಲಿ ತೆಗೆದಿದ್ದರೇನೋ, ಅಂಚಿನಲ್ಲಿ ಇನ್ನೂ ಒಂದಿಷ್ಟು ಬಂದಿತ್ತು. ಒಂದರ ಕೆಳಗೊಂದು ದುಂಡನೆಯ ಗುಂಡಿಗಳು, ಅವುಗಳ ಮೇಲೆ ಮಹಡಿಯ ಅಂಕಿಗಳು.

ಲಿಫ್ಟಿನ ಗೋಡೆ.

ಮೈದುನ ಪರದೆಯನ್ನು ಬಗ್ಗಿ ನೋಡಿದ, ನನ್ನ ಮುಖ ನೋಡಿದ, ಸದ್ದಿಲ್ಲದೆ ತನ್ನ ಫೋನು ತೆಗೆದುಕೊಂಡು ಹೊರಗೆ ಹೋದ. ಅವನಲ್ಲಿ ಕ್ಷಮೆ ಕೇಳಬೇಕೆಂದು ನನಗೆ ಹೊಳೆಯುವಷ್ಟರಲ್ಲಿ ಅವನು ಗೇಟು ದಾಟಿದ್ದ.

ಅತ್ತೆ ಮತ್ತೆ ಫೋನು ಮಾಡಿದರು. "ಯಾರೇ ಅವನು? ಗೊತ್ತಾಯ್ತಾ?"

"ನಮ್ಮನೆಯವರು, ಅತ್ತೆ."

"ಮದುವೆ ದಿನಾನೇ ನನಗೆ ಅವನ ಮೇಲೆ ಅನುಮಾನ ಇತ್ತು" ಎಂದರು. ಆಮೇಲೆ ಯಾಕೆಂದು ಕೇಳಿದರು. ಹೇಳಿದೆ. "ಸರಿ, ನೀನಲ್ಲವಲ್ಲ. ನಿನ್ನನ್ನ ಅನುಮಾನಿಸಿದ್ದು ನನ್ನ ತಪ್ಪು ಕಣೇ" ಎಂದರು ಅತ್ತೆ. "ಶುಕ್ರವಾರ ಬರ್ತೀನಿ. ಹಾಳೆ ಮಾತ್ರ ಆ ಡ್ರಾಯರಲ್ಲಿ ಇಡಬೇಡ."

ಮಧ್ಯಾಹ್ನ ಆಗುವುದಕ್ಕೆ ಇನ್ನೂ ಹೊತ್ತಿತ್ತು, ಬಾಗಿಲು ತೆರೆಯಿತು. ಯಜಮಾನರು ಚಪ್ಪಲಿ ಬಿಟ್ಟು ಬಾಗಿಲ ಬಳಿಯೇ ನಿಂತರು. ಕೈಯಲ್ಲಿ ಗ್ರೀಸು ಹಾಗೆಯೇ ಇತ್ತು.

"ಇಷ್ಟು ಬೇಗ ಬಂದ್ರಿ?"

"ಮಧ್ಯಾಹ್ನದೊಳಗೆ ಹೆಸರು ಹೇಳ್ಬೇಕು ಅಂತ ಬರೆದಿದ್ದೆಯಲ್ಲ" ಎಂದರು. "ಅದಕ್ಕೇ ಬಂದೆ."

ನಾನು ಎರಡು ದಿನದಿಂದ ಕೂಡಿಟ್ಟುಕೊಂಡಿದ್ದ ಬೈಗುಳವೆಲ್ಲ ಎಲ್ಲಿ ಹೋಯಿತೋ. ಸುಮ್ಮನೆ ಡ್ರಾಯರ್ ಎಳೆದೆ. ಸದ್ದಿಲ್ಲದೆ ಬಂತು.

"ಇದಕ್ಕೆ ಎಣ್ಣೆ ಬಿಟ್ಟಿದ್ದೂ ನೀವೇನಾ? ಕದಿಯೋವಾಗ ಸದ್ದಾಗಬಾರದು ಅಂತ?"

"ಅಯ್ಯೋ, ಅದಕ್ಕಲ್ಲ." ಅವರಿಗೆ ನಿಜವಾಗಿಯೂ ನೋವಾಯಿತು. "ಅದು ಕಿರುಗುಟ್ಟಿದ್ರೆ ತಲೆನೋವು ಬರುತ್ತೆ ಅಂತಿದ್ದೆಯಲ್ಲ ನೀನು. ಯಾವತ್ತೋ ಬಿಟ್ಟಿದ್ದು. ಎಣ್ಣೆ ಬಿಡೋವಾಗಲೇ ಒಳಗೆ ಆ ಹಾಳೆ ಕಾಣಿಸ್ತು. ಉತ್ತರ ಹಾಕಿದೋರಿಗೆಲ್ಲ ನೀನು ಏನೇನೋ ಚೆನ್ನಾಗಿ ಬರೀತಿರ್ತೀಯಾ, ನಾನೂ ಒಂದು ಸಲ ಹಾಕಿ ನೋಡೋಣ ಅನ್ನಿಸ್ತು. ಒಂದು ಸಲ ಅಂತಲೇ ಹಾಕಿದ್ದು. ನೀನು ಹುಡುಕ್ತಿದ್ದೀಯ ಅಂತ ಗೊತ್ತಾದ ಮೇಲೂ ಬಿಡೋದಕ್ಕೆ ಆಗಲಿಲ್ಲ."

ಡ್ರಾಯರ್ ಸರಿಹೋಗಿ ಅಷ್ಟು ದಿನವಾಗಿತ್ತು. ಶುಕ್ರವಾರ ಶನಿವಾರ ತಪ್ಪದೆ ಎಳೆದಿದ್ದೆ. ಕಳ್ಳನನ್ನು ಹುಡುಕಲು ಹೊರಡುವವರೆಗೆ ನನಗೆ ಅದು ಗಮನಕ್ಕೂ ಬಂದಿರಲಿಲ್ಲ.

"ಕೈ ತೊಳ್ಕೊಂಡು ಬನ್ನಿ" ಎಂದೆ.

ಬಂದು ಎದುರಿಗೆ ಕೂತರು. ಲ್ಯಾಪ್‌ಟಾಪು ಮುಚ್ಚಿ, ಒಂದು ಖಾಲಿ ಹಾಳೆಯ ಮೇಲೆ ನಾಲ್ಕು ಸಾಲು, ನಾಲ್ಕು ಕಂಬಗಳ ಚಿಕ್ಕ ಚೌಕ ಎಳೆದು, ಅಲ್ಲಲ್ಲಿ ಅಂಕಿ ಬರೆದು ಅವರ ಮುಂದೆ ತಳ್ಳಿದೆ. "ಒಂದರಿಂದ ನಾಲ್ಕು. ಒಂದು ಸಾಲಲ್ಲಿ ಒಂದು ಅಂಕಿ ಒಂದೇ ಸಲ. ಕಂಬದಲ್ಲೂ ಅಷ್ಟೇ."

"ಹೌದಾ? ಅಷ್ಟೇನಾ?"

"ಅಷ್ಟೇ. ಕೇಳಿದ್ರೆ ನಾನೇ ಹೇಳಿಕೊಡ್ತಿದ್ದೆ. ಕದಿಯೋದು ಯಾಕೆ?"

"ಕೇಳಿದ್ದೆ" ಎಂದರು. ದೂರಿನ ದನಿಯಲ್ಲ, ಅವರ ಮಾಮೂಲು ದನಿ. "ಎಷ್ಟೋ ಸಲ. ನೀನು ಸ್ಕ್ರೀನ್ ನೋಡ್ತಾ 'ಆಮೇಲೆ' ಅಂತಿದ್ದೆ."

ನನಗೆ ಆ ಒಂದು ಸಲವೂ ನೆನಪಿಗೆ ಬರಲಿಲ್ಲ. ಅದೇ ಸಂಕಟ. ಅವರು ಪೆನ್ಸಿಲ್ ಹಿಡಿದು ಚೌಕದ ಮೇಲೆ ಬಗ್ಗಿದರು. ಮೂಲೆಯಲ್ಲಿ ಚಿಕ್ಕದಾಗಿ ಎರಡು ಅಂಕಿ ಬರೆದರು, ಸಾಲು ನೋಡಿದರು, ಕಂಬ ನೋಡಿದರು, ಒಂದನ್ನು ಹೊಡೆದುಹಾಕಿದರು. ಉಳಿದದ್ದನ್ನು ನಡುವೆ ದೊಡ್ಡದಾಗಿ ಬರೆದರು. ಮೂರು. ಸರಿಯಾಗಿತ್ತು.

"ಭೇಷ್" ಎಂದೆ.

ಅವರು ಪೆನ್ಸಿಲ್ ಹಿಡಿದಂತೆಯೇ, ಆ ಮಾತು ಯಾರಿಗೆ ಹೇಳಿದೆನೋ, ಯಾರು ಬಂದರೋ ಎಂದು, ಹಿಂತಿರುಗಿ ಬಾಗಿಲ ಕಡೆ ನೋಡಿದರು.